ಸ್ಕೂಲ್ ಡೇಗೆ ವೇಷ ಬಾಡಿಗೆ: ವೇಷ ಸೂಪರ್, ಗೆಜ್ಜೆ ನೋಡಿ ತಕೊಳ್ಳಿ

ಡಿಸೆಂಬರ್ ಬಂದ್ರೆ ಉಡುಪಿಲಿ ದಿನಕ್ಕೊಂದು ಸ್ಕೂಲ್ ಡೇ ಮಾರಾಯ್ರೆ, ಹಾಗೆ 15 ದಿನ ಮುಂಚೆನೇ ಈ ಡ್ರೆಸ್ ಬಾಡಿಗೆ ಅಂಗಡಿಗೆ ಹೋಗಿ ಮಗಳ ಯಕ್ಷಗಾನದ ಅಭಿಮನ್ಯು ವೇಷಕ್ಕೆ ಹೇಳಿಟ್ಟಿದ್ದೆ. ಬಡಗುತಿಟ್ಟಿನ (ಯಕ್ಷಗಾನದ ಬಡಗು ಶೈಲಿ) ವೇಷ ಅಲ್ವಾ, ತಲೆಗೆ ಕಟ್ಟುವ ಕೇದಗೆ ಮುಂದಲೆ ಕಟ್ಲಿಕ್ಕೆ ಅವ್ರ ಜನನೇ ಶಾಲೆಗೆ ಬಂದು, ಚೌಕಿಲಿ (ಬಣ್ಣ ಹಾಕುವ ಕೋಣೆಲಿ) ಅಳ್ತಾ ಇದ್ದ ಮಕ್ಕಳನ್ನೆಲ್ಲ ನಗಿಸಿ ನಗಿಸಿ ಬಣ್ಣ ಹಾಕಿದ್ರು, ತಲೆ ನೋವು ಅಂತ ಒಂದು ಮಗುನೂ ಹೇಳ್ಲಿಲ್ಲ, ಅದಕ್ಕೇ ಫುಲ್ ಮಾರ್ಕ್ಸ್. ಬಟ್ಟೆಗೆ ಸ್ವಲ್ಪ ಹಳೇ ಬೆವರಿನ ವಾಸನೆ ಇತ್ತು, ಇರ್ಲಿ.

ಆದ್ರೆ ಗೆಜ್ಜೆ ಒಂದು ಕಾಲಿಂದು ದೊಡ್ಡದು ಇನ್ನೊಂದು ಸಣ್ಣದು, ಚಕ್ರವ್ಯೂಹದ ಒಳಗೆ ಹೋಗುವಾಗ್ಲೇ ಬಿಚ್ಚಿ ಬಿತ್ತು! ಅಜ್ಜಿ ಮಾತ್ರ ಚಪ್ಪಾಳೆ ನಿಲ್ಲಿಸ್ಲಿಲ್ಲ. ಅಡ್ವಾನ್ಸ್ ವಾಪಸ್ ಕೇಳ್ಲಿಕ್ಕೆ ಎರಡು ಸಲ ಹೋಗ್ಬೇಕಾಯ್ತು. 5ಕ್ಕೆ 3.5 ಕೊಡ್ತೇನೆ.