ಸೆಲ್ಫ್ ‘ಟಕ್’ ಎಂದು ಸುಮ್ಮನಾದರೆ ಬ್ಯಾಟರಿ ಕೊಳ್ಳಲು ಓಡಬೇಡಿ

ದೋಣಿ ಇಟ್ಟುಕೊಂಡವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹದಿನಾರು ಸಾವಿರ ಹೋಯಿತು, ಅದು ಹೋಗಲಿ. ಅವತ್ತು ದೋಣಿಯಲ್ಲಿ ನಾವು ನಾಲ್ಕು ಜನ ಇದ್ದೆವು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಉತ್ತರ ಕನ್ನಡದ ತದಡಿ ಬಂದರಿನಲ್ಲಿರುವ ಸಣ್ಣ ಫೈಬರ್ ದೋಣಿ. ಎರಡು ಸಿಲಿಂಡರಿನ ಡೀಸೆಲ್ ಇಂಜಿನ್, ಸೆಲ್ಫ್ ಸ್ಟಾರ್ಟ್. ಕೈಯಿಂದ ತಿರುಗಿಸುವ ಹ್ಯಾಂಡಲ್ ಇಲ್ಲ. ಮಳೆಗಾಲದ ಮೀನುಗಾರಿಕೆ ನಿಷೇಧ ಇರುತ್ತದಲ್ವಾ, ಜೂನ್ 1ರಿಂದ ಜುಲೈ 31ರವರೆಗೆ, ಆಗ ದೋಣಿ ಮೇಲೆಳೆದು ಬಣ್ಣ ಹೊಡೆಸಿ, ಹಳೆ ವೈರ್‌ಗಳನ್ನೆಲ್ಲ ಬದಲಾಯಿಸಿದ್ದೆ. ಎಲ್ಲ ಹೊಸದು, ಇನ್ನು ವರ್ಷವಿಡೀ ಚಿಂತೆಯಿಲ್ಲ ಅಂದುಕೊಂಡಿದ್ದೆ.

ಎರಡೇ ತಿಂಗಳಲ್ಲಿ ತೊಂದರೆ ಶುರುವಾಯಿತು. ಬೆಳಗಿನ ಜಾವ ಬಂದರಿನಲ್ಲಿ ಕೀ ತಿರುಗಿಸಿದರೆ ಒಂದೇ ಸಲಕ್ಕೆ ಇಂಜಿನ್ ಎದ್ದುಬಿಡುತ್ತಿತ್ತು. ಬಲೆ ಬಿಟ್ಟು, ಡೀಸೆಲ್ ಉಳಿಯಲಿ ಅಂತ ಬಂದ್ ಮಾಡಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಹಾಕಿದರೆ ಬರೀ ‘ಟಕ್’. ಇನ್ನೊಮ್ಮೆ ‘ಟಕ್’. ಲೈಟ್ ಚೆನ್ನಾಗಿ ಉರಿಯುತ್ತಿತ್ತು, ಹಾರ್ನ್ ಜೋರಾಗಿಯೇ ಕೂಗುತ್ತಿತ್ತು. ಅರ್ಧ ಗಂಟೆ ಕಾದರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತಿತ್ತು.

ಮೆಕ್ಯಾನಿಕ್ ಬಂದು ನೋಡಿದ. "ಅಣ್ಣಾ, ಬ್ಯಾಟರಿ ಹೋಗಿದೆ" ಅಂದ. ಹೊಸದು ಹಾಕಿಸಿದೆ, 9,500 ರೂಪಾಯಿ. ಐದು ದಿನ ಚೆನ್ನಾಗಿತ್ತು. ಆರನೇ ದಿನ ಮತ್ತೆ ‘ಟಕ್’. ಆಮೇಲೆ ಸೆಲ್ಫ್ ಮೋಟಾರ್ ಬಿಚ್ಚಿ ಬ್ರಶ್, ಬುಶ್ ಎಲ್ಲ ಹಾಕಿಸಿದ್ದಕ್ಕೆ 4,200. ಒಂದು ವಾರ ಸರಿಯಿತ್ತು. ಕೊನೆಗೆ ಸೊಲೆನಾಯ್ಡ್ (ಸೆಲ್ಫಿಗೆ ಕರೆಂಟ್ ಬಿಡುವ ದೊಡ್ಡ ಸ್ವಿಚ್) ಮತ್ತು ಕೀ ಸ್ವಿಚ್, 2,600. ಅದು ನಾಲ್ಕೇ ದಿನ. ಮೂರು ಸಲವೂ ನಾನೇ "ಅಬ್ಬಾ, ಸಿಕ್ಕಿತು" ಅಂತ ಮನೆಯಲ್ಲಿ ಹೇಳಿದ್ದೆ.

ನಡುವೆ ಮೆಕ್ಯಾನಿಕ್ ಒಂದು ಉಪಾಯ ಹೇಳಿಕೊಟ್ಟಿದ್ದ. ಸೆಲ್ಫಿನ ಬೋಲ್ಟುಗಳಿಗೆ ಸ್ಕ್ರೂಡ್ರೈವರ್ ತಾಗಿಸಿ ಸ್ಟಾರ್ಟ್ ಮಾಡುವುದು. ಇದನ್ನು ಮಾತ್ರ ಮಾಡಲೇಬೇಡಿ. ದೊಡ್ಡ ಕಿಡಿ ಹಾರುತ್ತದೆ, ಚಾರ್ಜ್ ಆಗುವ ಬ್ಯಾಟರಿಯಿಂದ ಬರುವ ಗ್ಯಾಸ್ ಅದಕ್ಕೆ ಹೊತ್ತಿಕೊಳ್ಳಬಹುದು. ಗೇರ್ ಬಿದ್ದಿದ್ದರೂ ಇಂಜಿನ್ ಎದ್ದುಬಿಡುತ್ತದೆ. ಒಮ್ಮೆ ಹಾಗೇ ಆಯಿತು. ದೋಣಿ ಮುಂದೆ ಜಿಗಿಯಿತು. ಹಗ್ಗ ಬಿಚ್ಚುತ್ತಿದ್ದ ಹುಡುಗನ ಕೈ ಹಗ್ಗಕ್ಕೂ ಕಂಬಕ್ಕೂ ನಡುವೆ ಸಿಕ್ಕೇಬಿಡುತ್ತಿತ್ತು.

ಇನ್ನು ಆ ದಿನದ ಕತೆ. ಮಧ್ಯಾಹ್ನ ವಾಪಸ್ ಬರುವಾಗ ಹೊಳೆ ಸಮುದ್ರ ಸೇರುವ ಅಳಿವೆಯ ಹೊರಗೆ, ದೋಣಿಯ ಕೆಳಗಿನ ಫ್ಯಾನಿಗೆ (ಪ್ರೊಪೆಲ್ಲರ್) ಬಲೆಯ ಹಗ್ಗ ಸುತ್ತಿಕೊಂಡಿತು. ಇಂಜಿನ್ ಬಂದ್ ಮಾಡಲೇಬೇಕು, ಮಾಡಿದೆ. ಹುಡುಗ ನೀರಿಗಿಳಿದು ಹಗ್ಗ ಕತ್ತರಿಸಿ ಮೇಲೆ ಬಂದ. ಕೀ ತಿರುಗಿಸಿದೆ. ‘ಟಕ್’. ಇಳಿತದ ಹೊತ್ತು ಅದು. ಅಘನಾಶಿನಿ ಹೊಳೆಯ ನೀರು ಹೊರಗೆ ನುಗ್ಗುವಾಗ ಎದುರಿನಿಂದ ಸಮುದ್ರದ ಅಲೆ ಬಂದರೆ ಅಳಿವೆಯ ಬಾಯಲ್ಲಿ ಅಲೆ ಹೇಗೆ ಎದ್ದು ಮುರಿಯುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಪಡುಗಾಳಿ ನಮ್ಮನ್ನು ಮೆಲ್ಲಗೆ ಕಲ್ಲಿನ ಕಡೆ ತಳ್ಳುತ್ತಿತ್ತು. ಹತ್ತು ಸಲ ಕೀ ತಿರುಗಿಸಿರಬೇಕು. ಕೊನೆಗೆ ಲಂಗರು ಬಿಟ್ಟೆವು. ಎರಡು ಸಲ ಜಾರಿತು, ಮೂರನೇ ಸಲ ಹಿಡಿಯಿತು. ಮುಕ್ಕಾಲು ಗಂಟೆ ಹಾಗೇ ಕೂತಿದ್ದೆವು, ಒಬ್ಬರೂ ಮಾತಾಡಲಿಲ್ಲ. ಆಮೇಲೆ ಬೇರೆ ದೋಣಿಯವರು ಕಂಡು ಹಗ್ಗ ಎಸೆದು ಎಳೆದು ತಂದರು. ಲಂಗರು ಹಿಡಿಯದೇ ಹೋಗಿದ್ದರೆ ಏನಾಗುತ್ತಿತ್ತೋ, ಅದನ್ನು ನೆನೆಸಿದರೆ ಈಗಲೂ ನಿದ್ದೆ ಬರುವುದಿಲ್ಲ.

ಮರುದಿನ ನನ್ನ ಅಕ್ಕನ ಮಗ ಬಂದ. ಲಾರಿಗಳ ಎಲೆಕ್ಟ್ರಿಕ್ ಕೆಲಸ ಮಾಡುವವನು. ಏನನ್ನೂ ಬಿಚ್ಚಲಿಲ್ಲ. ಮಲ್ಟಿಮೀಟರ್ ತೆಗೆದು, "ಮಾಮ, ನೀವು ಕೀ ತಿರುಗಿಸಿ ಹಿಡಿದುಕೊಳ್ಳಿ" ಅಂದ. ಸುಮ್ಮನಿದ್ದಾಗ ಬ್ಯಾಟರಿ 12.6 ವೋಲ್ಟ್ ತೋರಿಸಿತು. ಕೀ ತಿರುಗಿಸಿದಾಗಲೂ 12.2. "ಬ್ಯಾಟರಿ ಸೋತಿದ್ದರೆ ಇದು ಒಂಬತ್ತಕ್ಕೋ ಅದಕ್ಕಿಂತ ಕೆಳಗೋ ಬೀಳಬೇಕಿತ್ತು. ಬಿದ್ದಿಲ್ಲ ಅಂದರೆ ಬೇಕಾದಷ್ಟು ಕರೆಂಟ್ ಸೆಲ್ಫಿಗೆ ಹೋಗುತ್ತಿಲ್ಲ" ಅಂದ. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಇಂಜಿನ್ನಿನ ಬರಿ ಕಬ್ಬಿಣಕ್ಕೆ ಹಿಡಿದ. ಕೀ ತಿರುಗಿಸಿದೆ. 7.8! ಅಲ್ಲಿ ಸೊನ್ನೆಯ ಹತ್ತಿರ ಇರಬೇಕು, ಅರ್ಧ ವೋಲ್ಟ್ ದಾಟಿದರೂ ಆ ದಾರಿ ಕೆಟ್ಟಿದೆ ಎಂದೇ ಅರ್ಥ. ನನ್ನ ಕೈ ಹಿಡಿದು ಅರ್ಥ್ ವೈರಿನ, ಅಂದರೆ ಬ್ಯಾಟರಿಯ ಮೈನಸ್‌ನಿಂದ ಇಂಜಿನ್ನಿಗೆ ಹೋಗುವ ವೈರಿನ, ತುದಿಗೆ ಮುಟ್ಟಿಸಿದ. ಬಿಸಿ ಚಹಾ ಲೋಟ ಮುಟ್ಟಿದ ಹಾಗಿತ್ತು.

ಹೊರಗಿನಿಂದ ನೋಡಿದರೆ ಹೊಸ ವೈರ್, ಕಪ್ಪು ರಬ್ಬರ್ ಮಿರಮಿರ ಹೊಳೆಯುತ್ತಿತ್ತು. ಚಾಕುವಿನಿಂದ ಸೀಳಿದ. ಒಳಗಿಂದ ಹಸಿರು ಪುಡಿ ಉದುರಿತು. ಲಗ್ಗಿನಿಂದ (ವೈರಿನ ತುದಿಗೆ ಒತ್ತಿರುವ, ಬೋಲ್ಟಿಗೆ ಕೂರುವ ಲೋಹದ ತುಂಡು) ಒಂದು ಗೇಣು ಉದ್ದಕ್ಕೆ ತಾಮ್ರದ ಎಳೆಗಳೆಲ್ಲ ಕಪ್ಪಗೆ, ಉಗುರಿನಿಂದ ಮುಟ್ಟಿದರೆ ಮುರಿಯುವಂತೆ ಇದ್ದವು. ಕೆಂಪಗೆ ಹೊಳೆಯುವ ಎಳೆ ಏಳೆಂಟು ಉಳಿದಿದ್ದವು, ಅಷ್ಟೇ. ಲೈಟಿಗೆ, ಹಾರ್ನಿಗೆ ಅಷ್ಟು ಸಾಕು. ಸೆಲ್ಫಿಗೆ ನೂರಾರು ಆಂಪಿಯರ್ ಬೇಕು.

ಮಳೆಗಾಲದಲ್ಲಿ ನಾನು ಹಾಕಿಸಿದ್ದು ಲಾರಿಗೆ ಹಾಕುವ ವೈರ್, ತವರ ಬಳಿಯದ ಬರಿ ತಾಮ್ರದ್ದು. ಲಗ್ಗಿನ ಬಾಯಿಗೆ ಏನೂ ಮುಚ್ಚಿರಲಿಲ್ಲ. ಉಪ್ಪುನೀರು ಆ ಎಳೆಗಳ ಸಂದಿಯಲ್ಲಿ ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಏರಿದೆ. ಹಾಗಾದರೆ ಮೂರು ಸಲ ರಿಪೇರಿಯಾದಾಗ ಸರಿಹೋದದ್ದು ಹೇಗೆ? ಯಾವ ಸಾಮಾನು ಬದಲಾಯಿಸುವ ಮೊದಲೂ ಮೈನಸ್ ವೈರ್ ಬಿಚ್ಚುತ್ತಾರಲ್ವಾ, ಆಮೇಲೆ ಮತ್ತೆ ತಿರುಚಿ ಬಿಗಿಯುತ್ತಾರೆ. ಆಗ ಸತ್ತ ಎಳೆಗಳು ಒಂದಕ್ಕೊಂದು ತಾಗಿ ನಾಲ್ಕು ದಿನ ಕೆಲಸ ಮಾಡುತ್ತಿದ್ದವು. ನಾನು ಹೊಸ ಸಾಮಾನಿನಿಂದ ಸರಿಯಾಯಿತು ಅಂದುಕೊಂಡೆ. ಎಲ್ಲರೂ ಮೋಸ ಹೋಗುವುದು ಇಲ್ಲೇ. ಹೊಸ ಸಾಮಾನು ಹಾಕಿ ಕೆಲವೇ ದಿನಕ್ಕೆ ಅದೇ ತೊಂದರೆ ಬಂದರೆ ಇನ್ನೊಂದು ಸಾಮಾನಿಗೆ ದುಡ್ಡು ಕೊಡಬೇಡಿ, ಮೊದಲು ಮೀಟರ್ ಹಿಡಿಸಿ.

ಪ್ಲಸ್ ವೈರಿಗೂ ಹೀಗೇ ನೋಡಬಹುದು, ಬ್ಯಾಟರಿಯ ಪ್ಲಸ್ ಕಂಬದಿಂದ ಆ ವೈರ್ ಸೇರುವ ಸೆಲ್ಫಿನ ದಪ್ಪ ಬೋಲ್ಟಿಗೆ. ಅಳೆಯುವಾಗ ಗೇರ್ ನ್ಯೂಟ್ರಲ್‌ನಲ್ಲಿರಲಿ. ಬಣ್ಣ ಹೊಡೆಸಿದವರು ಅರ್ಥ್ ಬೋಲ್ಟಿನ ಕೆಳಗೆ ಬಣ್ಣ ಕೂತಿದೆಯಾ ನೋಡಿ, ಕೆರೆದು ತೆಗೆಯಿರಿ. ಸೆಲ್ಫ್ ಜೋರಾಗಿ ತಿರುಗಿಯೂ ಇಂಜಿನ್ ಏಳದಿದ್ದರೆ ಅದು ಬೇರೆ ರೋಗ, ಡೀಸೆಲ್ ಲೈನಿನಲ್ಲಿ ಗಾಳಿಯೋ ನೀರೋ ಹುಡುಕಬೇಕು.

ಈಗ ತವರ ಬಳಿದ ತಾಮ್ರದ ವೈರ್ ಹಾಕಿಸಿ, ಲಗ್ಗಿನ ಬಾಯಿಗೆ, ಒಳಗೆ ಅಂಟು ಇರುವ ಸ್ಲೀವ್ ಹಾಕಿ, ಬಿಸಿ ಮಾಡಿ ಮುಚ್ಚಿಸಿದ್ದೇನೆ. ಎರಡೂ ವೈರ್ ಸೇರಿ 1,400 ರೂಪಾಯಿ ಆಯಿತು. ಲಂಗರಿನ ಹಗ್ಗವನ್ನೂ ಉದ್ದ ಮಾಡಿದೆ. ಕೋಸ್ಟ್ ಗಾರ್ಡಿನ 1554 ನಂಬರನ್ನು ನಾಲ್ಕೂ ಜನರ ಫೋನಿನಲ್ಲಿ ಹಾಕಿಸಿದ್ದೇನೆ. ನಿಮ್ಮ ಇಂಜಿನ್ ಒಮ್ಮೆ ಎದ್ದು ಒಮ್ಮೆ ಏಳದೆ ಇದ್ದರೆ, ಕಾರಣ ಸಿಗುವವರೆಗೆ ದಯವಿಟ್ಟು ಅಳಿವೆ ದಾಟಬೇಡಿ.

ಸೀಳಿದ ಆ ಹಳೇ ವೈರ್ ಇನ್ನೂ ನನ್ನ ಹತ್ತಿರ ಇದೆ. ತದಡಿ ಬಂದರಿನ ಕಡೆ ಬಂದವರು ಕೇಳಿ, ತೋರಿಸುತ್ತೇನೆ.