ಹುಲಿಯ ಬಣ್ಣ ತೆಗೆಯುವ ಆ ಒಂದು ಫೋಟೋ

ನನ್ನ ತಮ್ಮ 8 ವರ್ಷದವನಿದ್ದಾಗ ಮಂಗಳಾದೇವಿ ದಸರಾಕ್ಕೆ ಹುಲಿವೇಷ ಹಾಕಿದ್ದ. ಎಷ್ಟು ಮದ್ದು ಮಾಡಿದರೂ ಜ್ವರ ಬಿಡದೇ ಇದ್ದಾಗ ಅಮ್ಮ ಹೇಳಿಕೊಂಡ ಹರಕೆ ಅದು. ಅದಕ್ಕೇ ಇರಬೇಕು, ಹುಲಿವೇಷದ ಫೋಟೋ ಪ್ರದರ್ಶನ ಎಂದು ಯಾರಾದರೂ ಹೇಳಿದರೆ ನನಗೆ ಹೋಗದೇ ಇರಲಿಕ್ಕೆ ಆಗುವುದಿಲ್ಲ. ಹಾಗೆ ಹೋಗಿ ಎಷ್ಟೋ ಸಲ ಬೇಸರ ಮಾಡಿಕೊಂಡು ಬಂದಿದ್ದೇನೆ. ಬಾಯಿ ತೆರೆದ ಹುಲಿ, ಹಾರಿದ ಹುಲಿ, ಮತ್ತೆ ಬಾಯಿ ತೆರೆದ ಹುಲಿ. ಈ ಸಲ ಹಾಗಾಗಲಿಲ್ಲ. ಮಂಗಳೂರಿನಲ್ಲಿ ಈಗ ನಡೆಯುತ್ತಿರುವ ಈ ಪ್ರದರ್ಶನಕ್ಕೆ 2 ಸಲ ಹೋಗಿ ಬಂದೆ. ಸಮಯ ಇದ್ದವರು ದಯವಿಟ್ಟು ಹೋಗಿ ಬನ್ನಿ.

ಇಬ್ಬರು ಛಾಯಾಗ್ರಾಹಕರ ಕೆಲಸ ಇದು. ಒಬ್ಬರು ಗೋವಾದ ಕಾರ್ನಿವಲ್ ಹಿಡಿದಿದ್ದಾರೆ, ಬಣ್ಣದಲ್ಲಿ. ಇನ್ನೊಬ್ಬರು ನಮ್ಮ ಹುಲಿವೇಷ, ಕಪ್ಪು ಬಿಳುಪಿನಲ್ಲಿ. ಹಾಲ್‌ನ ಎಡಗೋಡೆ ಪೂರ್ತಿ ಗೋವಾ, ಬಲಗೋಡೆ ಪೂರ್ತಿ ಮಂಗಳೂರು ಮತ್ತು ಉಡುಪಿ. ನಡುವೆ ಒಂದು ಮರದ ಬೆಂಚು. ಆ ಬೆಂಚಿನಲ್ಲಿ ಕೂತು ಒಮ್ಮೆ ಆಚೆ, ಒಮ್ಮೆ ಈಚೆ ನೋಡಬೇಕು. ಆವಾಗಲೇ ಇದರ ರುಚಿ ಸಿಗುವುದು.

ಗೋವಾದ ಕಾರ್ನಿವಲ್ ಎಂದರೆ ಕ್ರೈಸ್ತರ ತಪಸ್ಸಿನ ಕಾಲ ಶುರುವಾಗುವ ಮೊದಲಿನ 4 ದಿನದ ಗೌಜಿ. ಶನಿವಾರ ಪಣಜಿಯಲ್ಲಿ ಹಬ್ಬದ ವೇಷದ ರಾಜ ಕಿಂಗ್ ಮೊಮೊ ಲಾರಿ ಹತ್ತಿ ಬಂದು ತಿನ್ನಿ, ಕುಡಿಯಿರಿ, ಮಜಾ ಮಾಡಿ ಎಂದು ಅಪ್ಪಣೆ ಕೊಡುತ್ತಾನೆ. ನಾವು ಟಿವಿಯಲ್ಲಿ ನೋಡುವ ಟ್ಯಾಬ್ಲೋ ಮೆರವಣಿಗೆ ಶುರುವಾದದ್ದು 1965ರಲ್ಲಿ. ಅದಕ್ಕಿಂತ ಮೊದಲು ಅದು ಇಂತ್ರೂಜ್. ಬೀದಿಯಲ್ಲಿ ಒಬ್ಬರ ಮೇಲೊಬ್ಬರು ಹಿಟ್ಟು, ಮೊಟ್ಟೆ, ಬಣ್ಣದ ನೀರು ಎರಚುವ ಹಬ್ಬ. ಮೆರವಣಿಗೆಯ ಫೋಟೋಗಳು ಚಂದ ಇವೆ, ಗರಿಯ ಟೋಪಿ, ಮಿಂಚುವ ಬಟ್ಟೆ ಎಲ್ಲ. ಆದರೆ ಅಂಥದ್ದು ನಾವು ತುಂಬಾ ನೋಡಿದ್ದೇವೆ. ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕು ಅಂತ ನನಗೆ ಅನ್ನಿಸಲಿಲ್ಲ.

ನಿಂತದ್ದು ಚಾಂದೋರ್ ಊರಿನ 5 ಫೋಟೋಗಳ ಎದುರು. ಅಲ್ಲಿ ಕಾರ್ನಿವಲ್‌ನ ಸೋಮವಾರ ಗಂಡಸರು ಒನಕೆ ಹಿಡಿದು ಕುಣಿಯುತ್ತಾರೆ. ಮುಸೊಳ್ ಖೇಳ್ ಅಂತ ಹೆಸರು. ಮುಸೊಳ್ ಎಂದರೆ ಒನಕೆಯೇ. ಚಾಂದೋರ್ ಬೇರೆ ಯಾವುದೂ ಅಲ್ಲ, ಗೋವಾ ಕದಂಬರ ರಾಜಧಾನಿಯಾಗಿದ್ದ ಹಳೆಯ ಚಂದ್ರಪುರ. ವಿಜಯನಗರದ ಹರಿಹರನ ಗೆಲುವಿನ ನೆನಪಿಗೆ ಈ ಕುಣಿತ ಎಂದು ಊರವರು ಹೇಳುತ್ತಾರಂತೆ. ಇಗರ್ಜಿಗೆ ಹೋಗುವ ಜನ, ಕೈಯಲ್ಲಿ ಒನಕೆ, ಬಾಯಲ್ಲಿ ವಿಜಯನಗರದ ಕಾಲದ ಗೆಲುವು! ಒಂದು ಫೋಟೋದಲ್ಲಿ ಒನಕೆಯ ತುದಿ ಮಣ್ಣಿಗೆ ತಾಗಿದೆ, ಧೂಳು ಆಗಷ್ಟೇ ಎದ್ದಿದೆ. ಹಿಡಿದ ಕೈಯ ನರ ಉಬ್ಬಿದೆ. ಮುಖ ಫ್ರೇಮಿನೊಳಗೆ ಇಲ್ಲವೇ ಇಲ್ಲ. ಹಾಗಿದ್ದರೂ ಆ ಮನುಷ್ಯನಿಗೆ ವಯಸ್ಸಾಗಿದೆ ಅಂತ ಗೊತ್ತಾಗುತ್ತದೆ.

ಈಗ ಬಲಗೋಡೆ. ಹುಲಿಯನ್ನು ಕಪ್ಪು ಬಿಳುಪಿನಲ್ಲಿ ತೆಗೆದದ್ದು ಯಾಕೆ ಅಂತ ಮೊದಲು ನನಗೆ ಸಿಟ್ಟೇ ಬಂತು. ಹಳದಿ ಇಲ್ಲದ ಹುಲಿ ಎಂತ ಹುಲಿ? ಪಟ್ಟೆ ಹುಲಿಗೂ ಚುಕ್ಕೆಯ ಚಿಟ್ಟೆ ಹುಲಿಗೂ ಇರುವ ಅಂದವೇ ಆ ಬಣ್ಣದಲ್ಲಿ ಅಲ್ವಾ? ನಾಲ್ಕೈದು ಫೋಟೋ ದಾಟುವಷ್ಟರಲ್ಲಿ ಉತ್ತರ ಸಿಕ್ಕಿತು. ಹಳದಿ ಹೋದಾಗ ಅದರ ಅಡಿಯ ಚರ್ಮ ಕಾಣುತ್ತದೆ. ಒಣಗಿದ ಬಣ್ಣ ಮೊಣಕೈ ಮಡಚುವಲ್ಲಿ ಬಿರುಕು ಬಿಟ್ಟದ್ದು ಕಾಣುತ್ತದೆ. ಹಸಿ ಬಣ್ಣದ ಮೇಲೆ ಊದಿದ ಕುರಿಯ ಉಣ್ಣೆ ಒಂದೊಂದು ಎಳೆಯಾಗಿ ನಿಂತದ್ದು ಕಾಣುತ್ತದೆ. ಬಣ್ಣದ ಫೋಟೋದಲ್ಲಿ ನಮ್ಮ ಕಣ್ಣು ಸೀದಾ ಹುಲಿಯ ಮೇಲೆ ಹೋಗುತ್ತದೆ. ಇಲ್ಲಿ ವೇಷ ಹಾಕಿದ ಹುಡುಗನ ಮೇಲೆ ಹೋಗುತ್ತದೆ.

ಇವರು ಬೀದಿಯ ಕುಣಿತ ತೆಗೆದದ್ದು ಕಡಿಮೆ. ಉಡುಪಿ ರಥಬೀದಿಯಲ್ಲಿ ಕೃಷ್ಣಾಷ್ಟಮಿಯ ಮರುದಿನ ನಡೆಯುವ ವಿಟ್ಲಪಿಂಡಿಯದ್ದು ಎರಡು, ಮಂಗಳೂರಿನ ಕುದ್ರೋಳಿ ದಸರಾದ್ದು ಮೂರು, ಅಷ್ಟೇ. ಬೈಹುಲ್ಲಿನಲ್ಲಿ ಕಟ್ಟಿದ ಅಕ್ಕಿ ಮುಡಿಯನ್ನು ಹಲ್ಲಲ್ಲಿ ಕಚ್ಚಿ ತಲೆಯ ಮೇಲಿಂದ ಹಿಂದಕ್ಕೆ ಎಸೆಯುವ ಒಂದು ಫೋಟೋ ಇದೆ. ಅದರಲ್ಲೂ ಮುಡಿ ಗಾಳಿಯಲ್ಲಿಲ್ಲ, ಇನ್ನೂ ನೆಲದಲ್ಲೇ ಇದೆ. ಕಚ್ಚಿದವನ ಕುತ್ತಿಗೆ ಮಾತ್ರ ಬಿಗಿದಿದೆ. 42 ಸೇರಿನ ಮುಡಿಯ ಭಾರ ಎಷ್ಟು ಅಂತ ಆ ಕುತ್ತಿಗೆ ನೋಡಿದರೆ ಸಾಕು. ಉಳಿದ ಫೋಟೋಗಳೆಲ್ಲ ಕುಣಿತಕ್ಕೆ ಮೊದಲಿನದ್ದು ಮತ್ತು ನಂತರದ್ದು. ಹಿಂದಿನ ರಾತ್ರಿ ಊದು ಹಾಕುವಾಗ, ಅಂದರೆ ಧೂಪದ ಪೂಜೆಯಲ್ಲಿ, ಹೊಗೆಯೊಳಗೆ ಸಾಲಾಗಿ ಇಟ್ಟ ಹುಲಿ ಮುಖವಾಡಗಳು. ಹುಲಿ ಕುಣಿತಕ್ಕೆ ಬಾರಿಸುವ ತಾಸೆ ವಾದ್ಯವನ್ನು ಬೆಂಕಿಗೆ ಹಿಡಿದು ಕಾಯಿಸುವವನು. ಬಣ್ಣ ಒಣಗಲು ಎರಡು ಕೈ ಅಗಲಿಸಿ, ಕೋಲಿಗೆ ಆತು, ಟೇಬಲ್ ಫ್ಯಾನಿನ ಎದುರು ನಿಂತ ಹುಡುಗರು. ಅದರಲ್ಲೊಬ್ಬ ನಿಂತಲ್ಲೇ ನಿದ್ದೆ ಮಾಡುತ್ತಿದ್ದಾನೆ. ಮಲಗಿದರೆ ಬಣ್ಣ ಹೋಗುತ್ತದಲ್ಲ.

ಇನ್ನು 17ನೇ ನಂಬರಿನ ಫೋಟೋ. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಒಬ್ಬ ಹುಡುಗ ನಮಗೆ ಬೆನ್ನು ಹಾಕಿ ಕೂತಿದ್ದಾನೆ. ಪಕ್ಕದಲ್ಲಿ ಮುಚ್ಚಳಕ್ಕೆ ತೂತು ಮಾಡಿದ ಸೀಮೆಎಣ್ಣೆ ಬಾಟಲಿ. ಒಂದು ಹೆಂಗಸಿನ ಕೈ, ಬಳೆ ಮೊಣಕೈವರೆಗೆ ಸರಿಸಿದ್ದು, ಹಳೆ ಲುಂಗಿಯ ತುಂಡಿನಿಂದ ಉಜ್ಜುತ್ತಿದೆ. ಬೆನ್ನಿನ ಬಲ ಅರ್ಧ ಹುಲಿ, ಎಡ ಅರ್ಧ ಹುಡುಗ. ಎಡ ಅರ್ಧದಲ್ಲಿ ಉಜ್ಜಿದ ಗೆರೆಗಳು. ಅದು ಕಪ್ಪು ಬಿಳುಪಿನ ಫೋಟೋ. ಆದರೂ ಆ ಬೆನ್ನು ಎಷ್ಟು ಕೆಂಪಾಗಿದೆ ಅಂತ ನನಗೆ ಗೊತ್ತಿತ್ತು.

ನಮ್ಮ ಮನೆಯಲ್ಲಿ ಸೀಮೆಎಣ್ಣೆ ಅಮ್ಮನ ಕೈಯಲ್ಲಿ, ತೆಂಗಿನೆಣ್ಣೆ ನನ್ನ ಕೈಯಲ್ಲಿ. ಅಮ್ಮ ಉಜ್ಜಿದಲ್ಲಿ ನಾನು ಎಣ್ಣೆ ಹಚ್ಚಬೇಕು. ಎನಾಮಲ್ ಪೇಂಟ್ ಸುಮ್ನೆ ಹೋಗುವುದಿಲ್ಲ. ತಮ್ಮ ಉರಿ ತಡೆಯಲಾಗದೆ ನನ್ನ ಭುಜ ಕಚ್ಚಿ ಹಿಡಿದಿದ್ದ. ಮೂರು ದಿನ ಬೀದಿಯಲ್ಲಿ ಕುಣಿದಾಗ ಒಂದು ಹನಿ ಕಣ್ಣೀರು ಹಾಕದವನು ಅಂದು ಬಚ್ಚಲಿನಲ್ಲಿ ಅತ್ತ. ಎಂಟು ದಿನ ಕಳೆದರೂ ಕಿವಿಯ ಹಿಂದೆ ಹಳದಿ ಇತ್ತು. ಹುಲಿವೇಷದಲ್ಲಿ ಹೆಂಗಸರ ಪಾಲು ಏನು ಅಂತ ಕೇಳಿದರೆ ನಾನು ಇದನ್ನೇ ಹೇಳುವುದು. ಈಗ ಹುಡುಗಿಯರೂ ಹುಲಿ ಕುಣಿಯುತ್ತಾರೆ, ತುಂಬಾ ಸಂತೋಷ. ಆದರೆ ಈ ಕೆಲಸವನ್ನು ಒಂದು ಗೋಡೆಗೆ ಏರಿಸಿದ್ದನ್ನು ನಾನು ಇಷ್ಟು ವರ್ಷದಲ್ಲಿ ನೋಡಿದ್ದು ಇದೇ ಮೊದಲು.

ಎರಡು ಮಾತು ಫ್ರೇಮಿನ ಬಗ್ಗೆ. ನಾನು 14 ವರ್ಷದಿಂದ ಫೋಟೋಕ್ಕೆ ಫ್ರೇಮ್ ಹಾಕುವ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೇನೆ, ಹಾಗಾಗಿ ಕಣ್ಣು ಅಲ್ಲಿಗೆ ಹೋಗಿಯೇ ಹೋಗುತ್ತದೆ. ಮೂಲೆಗಳ ಜೋಡಣೆ ಚೊಕ್ಕ ಇದೆ, ಒಳಗಿನ ಬಿಳಿ ಬೋರ್ಡನ್ನು ಅಗಲ ಬಿಟ್ಟದ್ದೂ ಸರಿ. ಆದರೆ ಸಾದಾ ಗಾಜು ಹಾಕಿ ಎದುರಿಗೇ ಟ್ಯೂಬ್‌ಲೈಟ್ ಉರಿಸಿದ್ದಾರೆ. ಕಪ್ಪು ಜಾಸ್ತಿ ಇರುವ ಫೋಟೋಗಳಲ್ಲಿ ನಮ್ಮ ಮುಖವೇ ಕಾಣುತ್ತದೆ. ಊದಿನ ಹೊಗೆಯ ಫೋಟೋವನ್ನು ನಾನು ಓರೆಯಾಗಿ ನಿಂತು ನೋಡಬೇಕಾಯಿತು. ಹೊಳಪಿಲ್ಲದ ಗಾಜು ದುಬಾರಿ, ಒಪ್ಪುತ್ತೇನೆ. ಗಾಜೇ ಹಾಕದೆ ಬಿಡಬಹುದಿತ್ತು.

ಅದಕ್ಕಿಂತ ದೊಡ್ಡ ಕೊರತೆ ಬೇರೆ ಇದೆ. ನಾನು ಮೊದಲ ಸಲ ಹೋದ ಶನಿವಾರ ಒಬ್ಬರು ಅಜ್ಜ ಬಂದಿದ್ದರು, ಮೊಮ್ಮಗಳ ಜೊತೆ. ಬಲಗೋಡೆಯ ಒಂದು ಫೋಟೋದ ಹತ್ತಿರ ಹೋಗಿ ಕನ್ನಡಕ ಹಣೆಗೇರಿಸಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಇದು ನನ್ನ ಕೈ" ಅಂದರು.

ನನಗೆ ಅರ್ಥವಾಗಲಿಲ್ಲ. ಫೋಟೋದಲ್ಲಿ ಕೈಯೇ ಇರಲಿಲ್ಲ, ಒಂದು ಹುಲಿಯ ಹೊಟ್ಟೆ ಮಾತ್ರ ಇತ್ತು.

"ಪಟ್ಟೆ ನೋಡಿ ಅಕ್ಕ. ತುದಿಯಲ್ಲಿ ಸಣ್ಣ ಕೊಕ್ಕೆ ಉಂಟಲ್ಲ? ಬೇರೆಯವರು ಹಾಗೆ ಎಳೆಯುವುದಿಲ್ಲ. ಬ್ರಷ್ ಎತ್ತುವ ಮೊದಲು ಮಣಿಕಟ್ಟು ಒಂಚೂರು ತಿರುಗಿಸಬೇಕು."

ತೋರಿಸಿದರು, ಗಾಳಿಯಲ್ಲಿ. ಹತ್ತಿರ ಹೋಗಿ ನೋಡಿದೆ. ಹೌದು, ಪ್ರತಿ ಪಟ್ಟೆಯ ತುದಿಯಲ್ಲೂ ಮೀನಿನ ಗಾಳದಷ್ಟು ಚಿಕ್ಕ ತಿರುವು. ಫೋಟೋದ ಕೆಳಗೆ ಛಾಯಾಗ್ರಾಹಕರ ಹೆಸರು ಇತ್ತು, ಅಳತೆ ಇತ್ತು, ಕಾಗದ ಯಾವುದು ಅಂತ ಇತ್ತು, ಬೆಲೆ ಇತ್ತು. ಬಣ್ಣ ಹಾಕಿದವರ ಹೆಸರು ಇರಲಿಲ್ಲ. ಎಲ್ಲವೂ ಇಂಗ್ಲಿಷಿನಲ್ಲಿ. ಅಜ್ಜನಿಗೆ ಮೊಮ್ಮಗಳು ಓದಿ ಹೇಳಬೇಕಾಯಿತು. ಕನ್ನಡದಲ್ಲಿ ಎರಡು ಸಾಲು, ತುಳುವಿನಲ್ಲಿ ಒಂದು ಸಾಲು ಬರೆಯಲಿಕ್ಕೆ ಎಷ್ಟು ಖರ್ಚಾದೀತು? ಯಾರ ಮೈ, ಯಾರ ಬಣ್ಣ, ಯಾವ ತಂಡ ಎಂದು ಬರೆಯಲೇಬೇಕು. ಒಬ್ಬರ ಚಿತ್ರವನ್ನು ಇನ್ನೊಬ್ಬರು ಫೋಟೋ ತೆಗೆದರೆ ಚಿತ್ರಕಾರರ ಹೆಸರು ಹಾಕುತ್ತೇವೆ. ಇದೂ ಅದೇ ಅಲ್ವಾ? ಗೋವಾದ ಕಡೆಯೂ ಹೀಗೆಯೇ, ಒನಕೆ ಹಿಡಿದವರು ಯಾರೆಂದು ಇಲ್ಲ.

ಪ್ರದರ್ಶನ ನೋಡಿಕೊಳ್ಳಲು ಅಲ್ಲಿದ್ದ ಹುಡುಗನಿಗೆ ಹೇಳಿದೆ. ಪಾಪ, ಅವನು ಮರ್ಯಾದೆಯಿಂದ ಕೇಳಿದ. ಅಜ್ಜನ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡ. ಮುಂದಿನ ಬುಧವಾರ ಹೋದಾಗ ಆ ಫೋಟೋದ ಕೆಳಗೆ ಪೆನ್ನಿನಲ್ಲಿ, ಕನ್ನಡದಲ್ಲಿ, ಹೆಸರು ಬರೆದು ಅಂಟಿಸಿದ್ದರು. ಒಂದಕ್ಕೆ ಮಾತ್ರ. ಉಳಿದವಕ್ಕೂ ಹುಡುಕಿ ಬರೆಯಲಿ. ನಿಮಗೆ ಯಾರಾದರೂ ಗುರುತು ಸಿಕ್ಕಿದರೆ ಆ ಹುಡುಗನಿಗೆ ಹೇಳಿ.

ಪ್ರವೇಶ ಉಚಿತ. ಮೆಟ್ಟಿಲು ಕಡಿದಾಗಿದೆ, ಲಿಫ್ಟ್ ಇಲ್ಲ. ಮೊಣಕಾಲು ನೋವಿರುವವರಿಗೆ ಕಷ್ಟ. ಪೋಸ್ಟ್‌ಕಾರ್ಡ್ ಒಂದಕ್ಕೆ 40 ರೂಪಾಯಿ, ದಪ್ಪ ಕಾಗದ, ಮುದ್ರಣ ಚೆನ್ನಾಗಿದೆ. 17ನೇ ಫೋಟೋದ್ದು ಪೋಸ್ಟ್‌ಕಾರ್ಡ್ ಮಾಡಿಲ್ಲ, ಮಾಡಬೇಕಿತ್ತು.

ಬುಧವಾರ ತಮ್ಮನನ್ನು ಕರೆದುಕೊಂಡು ಹೋಗಿದ್ದೆ. ಅವನೀಗ ಮಸ್ಕತ್‌ನಲ್ಲಿದ್ದಾನೆ, ರಜೆಗೆ ಬಂದಿದ್ದ. 17ರ ಎದುರು ಅವನನ್ನು ನಿಲ್ಲಿಸಿದೆ. ಅರ್ಧ ನಿಮಿಷವೂ ನಿಲ್ಲಲಿಲ್ಲ. "ಇದು ನನಗೆ ಗೊತ್ತುಂಟಲ್ಲ ಅಕ್ಕ" ಎಂದು ಆಚೆ ಗೋಡೆಗೆ ಹೋದ. ಚಾಂದೋರ್‌ನ ಒನಕೆಯ ಎದುರು ತುಂಬಾ ಹೊತ್ತು ನಿಂತ. ಹೆಬ್ಬೆರಳಿನಿಂದ ಪ್ಯಾಂಟಿನ ಮೇಲೆ ತಾಳ ಹಾಕುತ್ತಿದ್ದ. ಕಿವಿಗೊಟ್ಟು ಕೇಳಿದೆ, ಅದು ತಾಸೆಯ ಪೆಟ್ಟು. ಹೊರಡುವಾಗ ಆ ಒನಕೆಯ ಪೋಸ್ಟ್‌ಕಾರ್ಡ್ ಎರಡು ತೆಗೆದುಕೊಂಡ, ಒಂದು ಅವನಿಗೆ, ಒಂದು ಅಮ್ಮನಿಗೆ.