ಫ್ರೀಬಿಎಸ್‌ಡಿಯಲ್ಲಿ ಲಾಗಿನ್ ಪರದೆ: ಎಕ್ಸ್‌ಡಿಎಂ, ಲೈಟ್‌ಡಿಎಂ, ಸ್ಟಾರ್ಟ್‌ಎಕ್ಸ್ ಮೂರನ್ನೂ ಬಳಸಿ ನೋಡಿದೆ

ಫ್ರೀಬಿಎಸ್‌ಡಿ ಅನ್ನೋ ಆಪರೇಟಿಂಗ್ ಸಿಸ್ಟಂ ಹಾಕಿದ ಲ್ಯಾಪ್‌ಟಾಪ್ ಆನ್ ಮಾಡಿದರೆ ಮೊದಲು ಸಿಗುವುದು ಕಪ್ಪು ಪರದೆ, ಅದರಲ್ಲಿ ಲಾಗಿನ್ ಕೇಳುವ ಒಂದು ಸಾಲು. ನನಗೆ ಅಷ್ಟು ಸಾಕು. ಆದರೆ ಮನೆಯಲ್ಲಿ ಅದನ್ನು ಅಮ್ಮನೂ ಬಳಸುತ್ತಾರೆ. ಅವರಿಗೆ ಹೆಸರು ಆರಿಸಿ ಪಾಸ್‌ವರ್ಡ್ ಹಾಕುವ ಪರದೆ ಬೇಕು.

ಮೊದಲು ಲಾಗಿನ್ ಪರದೆ ತೋರಿಸುವ ಎಕ್ಸ್‌ಡಿಎಂ ಹಾಕಿದೆ. 1988ರಿಂದ ಇರುವ ತಂತ್ರಾಂಶ, ತುಂಬಾ ಹಗುರ. ಇಟಿಸಿ ಫೋಲ್ಡರಿನ ಟಿಟಿವೈಎಸ್ ಫೈಲಿನಲ್ಲಿ ಎಕ್ಸ್‌ಡಿಎಂ ಶುರುಮಾಡುವ ಟಿಟಿವೈವಿ8 ಅನ್ನೋ ಸಾಲು ಮೊದಲೇ ಬರೆದಿರುತ್ತದೆ. ಅಲ್ಲಿ 'ಆಫ್' ಇದ್ದದ್ದನ್ನು 'ಆನ್' ಮಾಡಿದರೆ ಆಯಿತು. ಆಮೇಲೆ ಅದನ್ನು ನೋಡಿಕೊಳ್ಳುವುದು ಸಿಸ್ಟಂ ಶುರುವಾದಾಗ ಮೊದಲು ಓಡುವ ಇನಿಟ್ ಪ್ರೋಗ್ರಾಂ. ಎಕ್ಸ್‌ಡಿಎಂ ಬಿದ್ದರೆ ಇನಿಟ್ಟೇ ಮತ್ತೆ ಎಬ್ಬಿಸುತ್ತದೆ. ಚೆನ್ನಾಗಿದೆ ಅಲ್ವಾ ಅನ್ನಿಸಿತ್ತು.

ಒಂದು ಅಪ್‌ಗ್ರೇಡ್ ಆದ ಮೇಲೆ ಗ್ರಾಫಿಕ್ಸ್ ಡ್ರೈವರ್ ಮತ್ತು ಕರ್ನಲ್ ಹೊಂದಲಿಲ್ಲ. ಗ್ರಾಫಿಕ್ಸ್ ಪರದೆ ಮೂಡಿಸುವ ಎಕ್ಸ್ ಏಳುತ್ತದೆ, ಬೀಳುತ್ತದೆ, ಮತ್ತೆ ಏಳುತ್ತದೆ. ಪರದೆ ಮಿಣುಕುತ್ತಲೇ ಇತ್ತು. ಕಂಟ್ರೋಲ್-ಆಲ್ಟ್-ಎಫ್1 ಒತ್ತಿ ಬರೀ ಅಕ್ಷರಗಳ ಕನ್ಸೋಲಿಗೆ ಹೋದರೆ ಎರಡಕ್ಷರ ಟೈಪ್ ಮಾಡುವಷ್ಟರಲ್ಲಿ ಅದು ನನ್ನನ್ನು ಮತ್ತೆ ಎಳೆದುಕೊಂಡು ಹೋಗುತ್ತಿತ್ತು. ಕೊನೆಗೆ ರೀಬೂಟ್ ಮಾಡಿ, ಬೂಟ್ ಮೆನುವಿನಲ್ಲಿ 2 ಒತ್ತಿ ರಿಪೇರಿಗೆಂದು ಇರುವ ಸಿಂಗಲ್ ಯೂಸರ್ ಮೋಡಿಗೆ ಹೋದೆ. ರೂಟ್ ಡಿಸ್ಕನ್ನು ಬರೆಯುವಂತೆ ಮೌಂಟ್ ಮಾಡಿಕೊಂಡು 'ಆನ್' ಅನ್ನು 'ಆಫ್' ಮಾಡಿದೆ. ಅಮ್ಮ ಒಬ್ಬರೇ ಇದ್ದಾಗ ಹೀಗಾದರೆ? ಅಲ್ಲಿಗೆ ನನಗೆ ಅದರ ಮೇಲಿನ ನಂಬಿಕೆ ಹೋಯಿತು.

ಇನ್ನೊಂದು ಲಾಗಿನ್ ಪರದೆಯಾದ ಲೈಟ್‌ಡಿಎಂ ಬೇರೆ ದಾರಿ ಹಿಡಿಯುತ್ತದೆ. ಅದನ್ನು ಬೂಟ್ ಆಗುವಾಗ ಏನೇನು ಶುರುವಾಗಬೇಕೆಂದು ಹೇಳುವ ಆರ್‌ಸಿ ಡಾಟ್ ಕಾನ್ಫ್ ಫೈಲಿನಲ್ಲಿ 'ಯೆಸ್' ಮಾಡಬೇಕು, ಪ್ರೋಗ್ರಾಂಗಳ ನಡುವೆ ಸಂದೇಶ ಸಾಗಿಸುವ ಡಿಬಸ್ಸನ್ನೂ. ಹೆಸರು, ಪಾಸ್‌ವರ್ಡ್ ಕೇಳುವ ಭಾಗವಾದ ಗ್ರೀಟರ್ ಬೇರೆ ಪ್ಯಾಕೇಜು, ಮರೆತರೆ ಪರದೆ ಬರುವುದಿಲ್ಲ. ಆರ್‌ಸಿ ಡಾಟ್ ಕಾನ್ಫ್ ಫೈಲನ್ನು ಕೈಯಲ್ಲಿ ತಿದ್ದಬೇಡಿ, ಅದನ್ನು ತಿದ್ದಲೆಂದೇ ಇರುವ ಸಿಸ್‌ಆರ್‌ಸಿ ಕಮಾಂಡ್ ಬಳಸಿ. ಒಂದು ಕೋಟ್ ಗುರುತು ಬಿಟ್ಟುಹೋದರೂ ಬೂಟ್ ಅರ್ಧಕ್ಕೇ ನಿಲ್ಲಬಹುದು.

ನನಗೆ ಇಲ್ಲಿ ತುಂಬಾ ಇಷ್ಟವಾದದ್ದು 'ಒನ್‌ಸ್ಟಾರ್ಟ್' ಅನ್ನೋ ಕಮಾಂಡ್. ಬೂಟಿಗೆ ಸೇರಿಸುವ ಮೊದಲೇ ಲೈಟ್‌ಡಿಎಂ ಅನ್ನು ಒಂದು ಸಲ ಮಾತ್ರ ಓಡಿಸಿ ನೋಡಬಹುದು. ಅದು ಬಿದ್ದರೆ, ಅದನ್ನು ಶುರುಮಾಡಿದ ಆರ್‌ಸಿ ವ್ಯವಸ್ಥೆ ಮತ್ತೆ ಎಬ್ಬಿಸುವುದಿಲ್ಲ. ಕೆಲವರಿಗೆ ಇದು ಕೊರತೆ. ನನಗೆ ಮಾತ್ರ ಕನ್ಸೋಲ್ ಕೈಯಲ್ಲಿ ಉಳಿಯುವುದೇ ಮುಖ್ಯ. ವಾರ್ ಫೋಲ್ಡರಿನ ಲಾಗ್ ಓದಿಕೊಂಡು ನಿಧಾನವಾಗಿ ಸರಿಮಾಡಬಹುದು. ಎಸ್‌ಡಿಡಿಎಂ ಅನ್ನೋ ಮತ್ತೊಂದು ಲಾಗಿನ್ ಪರದೆ ಕೂಡ ಹೀಗೇ ಶುರುವಾಗುತ್ತದೆ, ಆದರೆ ಕ್ಯೂಟಿ ಲೈಬ್ರರಿಗಳು ಜೊತೆಗೆ ಬರುತ್ತವೆ. ಅವು ಹೇಗೂ ಬೇಕಾಗುವ ಕೆಡಿಇ ಡೆಸ್ಕ್‌ಟಾಪ್ ಬಳಸುವವರಿಗೆ ಅದು ಸರಿ. ನಮ್ಮದು ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್, ಸುಮ್ನೆ ಭಾರ ಯಾಕೆ?

ಸ್ಟಾರ್ಟ್‌ಎಕ್ಸ್ ಲಾಗಿನ್ ಪರದೆಯಲ್ಲ, ಬರೀ ಒಂದು ಕಮಾಂಡ್. ಅದರಲ್ಲಿ ಬೂಟಿಗೆ ಸೇರಿಸುವುದು ಏನೂ ಇಲ್ಲ. ಲಾಗಿನ್ ಆಗಿ ಕಮಾಂಡ್ ಕೊಟ್ಟರೆ ಡೆಸ್ಕ್‌ಟಾಪ್ ಬರುತ್ತದೆ. ಗ್ರಾಫಿಕ್ಸ್ ಕೆಟ್ಟರೂ ಕನ್ಸೋಲಿನಲ್ಲೇ ಇರುತ್ತೇವೆ. ಇದರಿಂದ ಎಕ್ಸ್‌ಡಿಎಂಗೆ ಹೋಗುವವರು ಒಂದು ವಿಷಯ ಗಮನಿಸಿ. ಕನ್ನಡ ಟೈಪಿಂಗಿಗೆ ಐಬಸ್ ಶುರುಮಾಡುವ ಸಾಲನ್ನು ನಾನು ಸ್ಟಾರ್ಟ್‌ಎಕ್ಸ್ ಓದುವ ಎಕ್ಸ್‌ಇನಿಟ್‌ಆರ್‌ಸಿ ಫೈಲಿನಲ್ಲಿ ಇಟ್ಟಿದ್ದೆ. ಎಕ್ಸ್‌ಡಿಎಂ ಓದುವುದು ಎಕ್ಸ್‌ಸೆಷನ್ ಫೈಲನ್ನು. ಕನ್ನಡ ಯಾಕೆ ಮೂಡುತ್ತಿಲ್ಲ ಅಂತ ಒಂದು ಸಂಜೆ ಪೂರ್ತಿ ಹುಡುಕಿದೆ. ಒಂದರಿಂದ ಇನ್ನೊಂದಕ್ಕೆ ಲಿಂಕ್ ಕೊಟ್ಟ ಮೇಲೆ ಸರಿಹೋಯಿತು.

ಈಗ ನನ್ನ ಇನ್ನೊಂದು ಯಂತ್ರದಲ್ಲಿ ಸ್ಟಾರ್ಟ್‌ಎಕ್ಸ್, ಅಮ್ಮನೂ ಬಳಸುವ ಈ ಲ್ಯಾಪ್‌ಟಾಪಿನಲ್ಲಿ ಲೈಟ್‌ಡಿಎಂ. ಅದನ್ನು ಅಪ್‌ಗ್ರೇಡ್ ಮಾಡುವ ಮೊದಲು ಲೈಟ್‌ಡಿಎಂ ಅನ್ನು 'ನೋ' ಮಾಡುತ್ತೇನೆ. ರೀಬೂಟ್ ಆದ ಮೇಲೆ ಒನ್‌ಸ್ಟಾರ್ಟ್ ಕೊಟ್ಟು, ಪರದೆ ಸರಿಯಾಗಿ ಬಂದರೆ ಮತ್ತೆ 'ಯೆಸ್' ಮಾಡಿ ಅಮ್ಮನ ಕೈಗೆ ಕೊಡುತ್ತೇನೆ.